ನುಡಿಸಿದ್ದು ಈಗ, ಕೇಳಿಸುವುದು ಆಮೇಲೆ

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದೇನೆ. ನಾನು ಪಿಟೀಲು ನುಡಿಸುತ್ತೇನೆ, ತಮ್ಮ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಇರುವ ವಿಂಡೋಸ್ 11 ಲ್ಯಾಪ್‌ಟಾಪ್, ಮೈಕ್, ಗಿಟಾರುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಇನ್‌ಪುಟ್ಟಿನ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಇವೆ. ನುಡಿಸಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸುತ್ತದೆ. ಬಫರ್ ಅನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಒಟ್ಟುಗೂಡಿಸುವ ಸದ್ದಿನ ಅಳತೆಯನ್ನು, 64ಕ್ಕೆ ಇಳಿಸಿದರೆ ಚಟಪಟ ಸದ್ದು ಶುರುವಾಗುತ್ತದೆ, ಕರೆಂಟ್ ಹೋದರಂತೂ ಇನ್ನೂ ಜಾಸ್ತಿ. ರೆಕಾರ್ಡ್ ಆದದ್ದನ್ನು ನೋಡಿದರೆ ಪಿಟೀಲು ತಾಳದ ಕ್ಲಿಕ್ಕಿಗಿಂತ ಹಿಂದೆ ಬಿದ್ದಿರುತ್ತದೆ. ಹೊಸ ಲ್ಯಾಪ್‌ಟಾಪ್ ತಗೊಳ್ಳಬೇಕೇ?

ಉತ್ತರ: ಬೇಡ. ಎರಡು ಟ್ರ್ಯಾಕ್ ರೆಕಾರ್ಡ್ ಮಾಡಲು ನಿಮ್ಮಲ್ಲಿರುವ ಯಂತ್ರ ಧಾರಾಳವಾಗಿ ಸಾಕು. ಇನ್ನಷ್ಟು ರ‍್ಯಾಮ್ ಹಾಕಿಸಿದರೂ ಈ ತಡ ಒಂದು ಮಿಲಿಸೆಕೆಂಡೂ ಇಳಿಯುವುದಿಲ್ಲ. ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ: ನುಡಿಸುವಾಗ ಕಿವಿಗೆ ತಡವಾಗುವುದು, ಚಟಪಟ ಸದ್ದು, ರೆಕಾರ್ಡ್ ಆದ ಟ್ರ್ಯಾಕ್ ಜಾಗ ತಪ್ಪಿ ಕೂರುವುದು. ಮೂರಕ್ಕೂ ಬಫರ್ ಒಂದನ್ನೇ ಹಿಡಿದು ತಿರುಗಿಸುತ್ತಿದ್ದೀರಿ. ಹಾಗಾಗಿ ಒಂದು ಸರಿಯಾದರೆ ಇನ್ನೊಂದು ಕೆಡುತ್ತಿದೆ.

ಮೊದಲು ಪಿಟೀಲು. ಅದರ ನಾದ ಕಂಪ್ಯೂಟರಿನೊಳಗೆ ಹೋಗಿ ಮತ್ತೆ ನಿಮ್ಮ ಕಿವಿಗೆ ಬರಬೇಕಾದ ಅಗತ್ಯವೇ ಇಲ್ಲ. ವಾದ್ಯ ಕಿವಿಯಿಂದ ಒಂದು ಗೇಣು ದೂರದಲ್ಲಿದೆ. ಅದರ ನೇರ ನಾದ ಕಿವಿಗೆ ಬೀಳುತ್ತಿರುವಾಗಲೇ ಐದು ಮಿಲಿಸೆಕೆಂಡ್ ತಡವಾದ ಅದೇ ನಾದ ಹೆಡ್‌ಫೋನಿನಿಂದಲೂ ಬಂದರೆ ಎರಡೂ ಬೆರೆತು 100, 300, 500 ಹರ್ಟ್ಸ್ ಹೀಗೆ ಸಾಲಾಗಿ ಕೆಲವು ಕಂಪನಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ನಾದ ತಗಡಿನ ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಇದನ್ನು ಬಹಳ ಜನ ಮೈಕಿನ ದೋಷ ಎಂದುಕೊಂಡು ಮೈಕ್ ಬದಲಿಸುತ್ತಾರೆ. ಬಫರ್ ಎಷ್ಟೇ ಇಳಿಸಿದರೂ ಈ ಬೆರಕೆ ಪೂರ್ತಿ ಹೋಗುವುದಿಲ್ಲ, ಕಳೆದುಹೋಗುವ ಕಂಪನಗಳು ಮಾತ್ರ ಬದಲಾಗುತ್ತವೆ.

ಇದಕ್ಕೆ ಪರಿಹಾರ ನಿಮ್ಮ ಇಂಟರ್‌ಫೇಸಿನ ಮೇಲೆಯೇ ಇದೆ. ಡೈರೆಕ್ಟ್ ಮಾನಿಟರ್ ಎಂಬ ಗುಂಡಿ, ಇಲ್ಲವೇ ಒಂದು ಬದಿ ಇನ್‌ಪುಟ್ ಇನ್ನೊಂದು ಬದಿ ಪ್ಲೇಬ್ಯಾಕ್ ಎಂದು ಬರೆದಿರುವ ಮಿಕ್ಸ್ ತಿರುಗಣೆ ಇರುತ್ತದೆ. ಅದನ್ನು ಹಾಕಿದರೆ ಮೈಕಿನ ಸದ್ದು ಯುಎಸ್‌ಬಿ ದಾರಿ ಹಿಡಿಯದೆ ಪೆಟ್ಟಿಗೆಯೊಳಗಿಂದಲೇ ಹೆಡ್‌ಫೋನಿಗೆ ಹೋಗುತ್ತದೆ, ಗಮನಕ್ಕೆ ಬರುವಷ್ಟು ತಡ ಇರುವುದಿಲ್ಲ. ಆಗ ರೀಪರಿನಲ್ಲಿ ಆ ಟ್ರ್ಯಾಕಿನ ರೆಕಾರ್ಡ್ ಮಾನಿಟರಿಂಗ್ ಅನ್ನು, ಅಂದರೆ ರೆಕಾರ್ಡ್ ಗುಂಡಿಯ ಪಕ್ಕದ ಸ್ಪೀಕರ್ ಚಿತ್ರವನ್ನು, ಆಫ್ ಮಾಡಲೇಬೇಕು. ಎರಡೂ ಆನ್ ಇದ್ದರೆ ಒಂದೇ ಸ್ವರ ಎರಡು ಸಲ ಕೇಳುತ್ತದೆ. ಡೈರೆಕ್ಟ್ ಮಾನಿಟರಿನಲ್ಲಿ ಮೋನೊ, ಸ್ಟೀರಿಯೊ ಎಂಬ ಆಯ್ಕೆ ಇದ್ದರೆ ಮೋನೊ ಇಡಿ. ಸ್ಟೀರಿಯೊ ಇಟ್ಟರೆ ಮೊದಲನೇ ಇನ್‌ಪುಟ್ ಎಡಗಿವಿಗೆ ಮಾತ್ರ ಬಂದು ಹೆಡ್‌ಫೋನ್ ಕೆಟ್ಟಿದೆಯೇನೋ ಎನಿಸುತ್ತದೆ. ಪಿಟೀಲಿನವರಿಗೆ ಇನ್ನೂ ಸುಲಭದ ದಾರಿ ಎಂದರೆ ಡೈರೆಕ್ಟ್ ಮಾನಿಟರನ್ನೂ ಬಿಟ್ಟು, ಎಡಗಿವಿಯ ಕಪ್ಪನ್ನು ಹಿಂದಕ್ಕೆ ಸರಿಸಿ ಸ್ವಂತ ನಾದವನ್ನು ಗಾಳಿಯಲ್ಲೇ ಕೇಳುವುದು. ಬಲಗಿವಿಯಲ್ಲಿ ಶ್ರುತಿ ಮತ್ತು ಕ್ಲಿಕ್ ಇದ್ದರೆ ಸಾಕು. ಸರಿಸಿದ ಕಪ್ಪಿನಿಂದ ಕ್ಲಿಕ್ ಸೋರಿ ಮೈಕಿಗೆ ಬೀಳದಂತೆ ಎಡ ಚಾನೆಲ್ಲಿನ ಸದ್ದನ್ನು ಮುಚ್ಚಿಡಿ.

ಡೈರೆಕ್ಟ್ ಮಾನಿಟರಿನಲ್ಲಿ ನಾದ ಒಣಒಣ ಎನ್ನುವವರಿಗೆ ಒಂದು ಉಪಾಯ. ಟ್ರ್ಯಾಕಿಗೆ ರೀಪರಿನದೇ ರಿಯಾವರ್ಬೇಟ್ ಎಂಬ ಗುಂಗಿನ ಪ್ಲಗಿನ್ (ನಾದಕ್ಕೆ ಪರಿಣಾಮ ಸೇರಿಸುವ ಪೂರಕ ಸಾಫ್ಟ್‌ವೇರ್) ಹಾಕಿ, ಅದರ ಡ್ರೈ ಸ್ಲೈಡರನ್ನು ಪೂರ್ತಿ ಕೆಳಗಿಳಿಸಿ, ವೆಟ್ ಮಾತ್ರ ಇಟ್ಟು ರೀಪರ್ ಮಾನಿಟರಿಂಗ್ ಆನ್ ಮಾಡಿ. ನೇರ ನಾದ ಪೆಟ್ಟಿಗೆಯಿಂದ, ಗುಂಗು ಮಾತ್ರ ಕಂಪ್ಯೂಟರಿನಿಂದ ಬರುತ್ತದೆ. ಗುಂಗು ಹದಿನೈದಿಪ್ಪತ್ತು ಮಿಲಿಸೆಕೆಂಡ್ ತಡವಾದರೆ ಕೋಣೆ ಸ್ವಲ್ಪ ದೊಡ್ಡದಿದ್ದಂತೆ ಕೇಳುತ್ತದೆಯೇ ಹೊರತು ಕೈ ತಪ್ಪುವುದಿಲ್ಲ. ಫೈಲಿನಲ್ಲಿ ರೆಕಾರ್ಡ್ ಆಗುವುದು ಗುಂಗಿಲ್ಲದ ನಾದವೇ. ಡ್ರೈ ಸ್ಲೈಡರನ್ನು ಮಿಕ್ಸಿಂಗ್ ವೇಳೆ ಮರೆಯದೆ ಮೇಲಕ್ಕೆ ತನ್ನಿ.

ತಮ್ಮನ ಗಿಟಾರಿನ ವಿಷಯ ಬೇರೆ. ಅವರು ಆ್ಯಂಪ್ ಸಿಮ್ಯುಲೇಟರ್ ಪ್ಲಗಿನ್, ಅಂದರೆ ಗಿಟಾರ್ ಆ್ಯಂಪ್ಲಿಫೈಯರಿನ ನಾದವನ್ನು ಅನುಕರಿಸುವ ಪ್ಲಗಿನ್, ಬಳಸುತ್ತಿದ್ದರೆ ನಾದ ಹುಟ್ಟುವುದೇ ಕಂಪ್ಯೂಟರಿನಲ್ಲಿ. ಅದು ಒಳಗೆ ಹೋಗಿ ಹೊರಗೆ ಬರಲೇಬೇಕು. ಆ ತಡ ಎಷ್ಟು, ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಬೇಕಾಗುವುದು ಇಲ್ಲಿ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಯಕ್ಷಗಾನದ ರಂಗದಲ್ಲಿ ಭಾಗವತರಿಂದ ಎರಡು ಮೀಟರ್ ಆಚೆ ಇರುವ ಚಂಡೆಯವರಿಗೆ ಪದ ಕೇಳುವುದೇ ಆರು ಮಿಲಿಸೆಕೆಂಡ್ ತಡವಾಗಿ. ಅವರ ತಾಳವೇನೂ ಅದರಿಂದ ಕೆಡುವುದಿಲ್ಲ. ಹಾಗಾಗಿ ಗಿಟಾರಿಗೆ ಒಟ್ಟು ತಡ 10 ಮಿಲಿಸೆಕೆಂಡಿನ ಒಳಗೆ ಬಂದರೆ ಸಾಕು, ಮೂರೂವರೆ ಮೀಟರ್ ದೂರದಲ್ಲಿಟ್ಟ ಆ್ಯಂಪನ್ನು ಕೇಳಿದಂತೆ ಅಷ್ಟೇ. 15 ದಾಟಿದರೆ ಕೈಗೆ ಭಾರ ಎನಿಸತೊಡಗುತ್ತದೆ. 30ರಲ್ಲಿ ನುಡಿಸಲು ಕಷ್ಟ. ನಿಮಿಷಕ್ಕೆ 80 ಎಣಿಕೆಯ ತಾಳದಲ್ಲಿ ಮೂರನೇ ಕಾಲದ ಒಂದೊಂದು ಸ್ವರಕ್ಕೆ ಸಿಗುವುದು 187 ಮಿಲಿಸೆಕೆಂಡ್, ಅದರಲ್ಲಿ ಆರನೇ ಒಂದು ಭಾಗ ತಡಕ್ಕೇ ಹೋಗುತ್ತದೆ. ಬೆರಳು ತಾನಾಗಿಯೇ ಕಾಯಲು ಶುರುಮಾಡಿ ಲಯ ಜಗ್ಗುತ್ತದೆ.

ಬಫರ್ ಎಂದರೆ ಸದ್ದಿನ ಮಾದರಿಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ತುಂಬಿ ಒಟ್ಟಿಗೆ ಸಾಗಿಸುವ ಕೊಡ. ಕೊಡ ತುಂಬುವವರೆಗೆ ಹೊತ್ತೊಯ್ಯುವವನು ಕಾಯಬೇಕು. ಬಫರಿನ ಅಂಕಿಯನ್ನು ಸ್ಯಾಂಪಲ್ ರೇಟಿನಿಂದ, ಅಂದರೆ ಒಂದು ಸೆಕೆಂಡಿಗೆ ತೆಗೆಯುವ ಸ್ಯಾಂಪಲ್‌ಗಳ ಸಂಖ್ಯೆಯಿಂದ, ಭಾಗಿಸಿದರೆ ಎಷ್ಟು ಕಾಯಬೇಕೆಂಬುದು ಸಿಗುತ್ತದೆ. 48,000 ರೇಟಿನಲ್ಲಿ 64 ಎಂದರೆ 1.3 ಮಿಲಿಸೆಕೆಂಡ್, 128 ಎಂದರೆ 2.7, 256 ಎಂದರೆ 5.3, 512 ಎಂದರೆ 10.7, 1024 ಎಂದರೆ 21.3. ಒಳಗೆ ಬರಲು ಒಂದು ಕೊಡ, ಹೊರಗೆ ಹೋಗಲು ಒಂದು ಕೊಡ, ಆದ್ದರಿಂದ ಇದನ್ನು ದುಪ್ಪಟ್ಟು ಮಾಡಿ. ಅದರ ಮೇಲೆ ಸದ್ದನ್ನು ಅಂಕಿಗೂ ಅಂಕಿಯನ್ನು ಸದ್ದಿಗೂ ತಿರುಗಿಸುವ ಪರಿವರ್ತಕಗಳಿಗೂ ಯುಎಸ್‌ಬಿಗಾಗಿ ಡ್ರೈವರ್ ಇಟ್ಟುಕೊಳ್ಳುವ ರಕ್ಷಣೆಗೂ ಇನ್ನೆರಡು ಮೂರು ಮಿಲಿಸೆಕೆಂಡ್ ಸೇರಿಸಿ. 128ರಲ್ಲಿ ಒಟ್ಟು ಎಂಟರ ಆಸುಪಾಸು ಬರುತ್ತದೆ. ಗಿಟಾರಿಗೆ ಅದು ಸಾಕು. 64ಕ್ಕೆ ಇಳಿದು ಗಳಿಸುವುದು ಮೂರು ಮಿಲಿಸೆಕೆಂಡಿಗಿಂತ ಕಡಿಮೆ, ಅಂದರೆ ಆ್ಯಂಪಿನತ್ತ ಒಂದು ಮೀಟರ್ ಸರಿದು ಕೂತಷ್ಟು. ಅದಕ್ಕಾಗಿ ಪ್ರೊಸೆಸರಿನ ಉಸಿರು ಕಟ್ಟಿಸುವುದು ನನಗೆ ಸರಿಕಾಣುವುದಿಲ್ಲ. 96,000 ರೇಟಿಗೆ ಹೋದರೆ ತಡ ಅರ್ಧವಾಗುತ್ತದೆ ಎಂಬ ಸಲಹೆಯೂ ಕಿವಿಗೆ ಬಿದ್ದಿರಬಹುದು. ಬಫರಿನ ತಡ ಅರ್ಧವಾಗುವುದು ನಿಜ, ಜೊತೆಗೆ ಪ್ರೊಸೆಸರಿನ ಕೆಲಸ ದುಪ್ಪಟ್ಟಾಗಿ, ಕಡೆಗೆ ಬಫರನ್ನೇ ದುಪ್ಪಟ್ಟು ಮಾಡಬೇಕಾಗಿ ಬಂದು ಹೊರಟಲ್ಲಿಗೇ ವಾಪಸ್.

ಈ ಲೆಕ್ಕವೆಲ್ಲ ಸರಿಯಾದ ಡ್ರೈವರ್, ಅಂದರೆ ಸಾಧನವನ್ನು ವಿಂಡೋಸಿಗೆ ಹೊಂದಿಸುವ ಸಾಫ್ಟ್‌ವೇರ್, ಇದ್ದಾಗ ಮಾತ್ರ. ರೀಪರಿನ ಪ್ರಿಫರೆನ್ಸಸ್, ಆಡಿಯೊ, ಡಿವೈಸ್ ಪುಟ ತೆರೆದು ಆಡಿಯೊ ಸಿಸ್ಟಮ್ ಎಂಬಲ್ಲಿ ಏನಿದೆ ನೋಡಿ. ವೇವ್‌ಔಟ್, ಡೈರೆಕ್ಟ್‌ಸೌಂಡ್ ಎಂದಿದ್ದರೆ ಸದ್ದು ವಿಂಡೋಸಿನ ಸ್ವಂತ ಮಿಕ್ಸರಿನ ಮೂಲಕ ಸುತ್ತಿ ಬರುತ್ತಿದೆ, ಬಫರಿನ ಅಂಕಿಗೆ ಅರ್ಥವೇ ಇಲ್ಲ. ಅಲ್ಲಿ ಆಸಿಯೋ ಆರಿಸಬೇಕು. ಎ, ಎಸ್, ಐ, ಓ ಎಂಬ ಈ ನಾಲ್ಕಕ್ಷರದ ವ್ಯವಸ್ಥೆಯನ್ನು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದದ್ದೇ ಆ ಸುತ್ತುದಾರಿ ತಪ್ಪಿಸಲು. ಡ್ರೈವರನ್ನು ನಿಮ್ಮ ಇಂಟರ್‌ಫೇಸ್ ತಯಾರಕರ ತಾಣದಿಂದಲೇ, ಸರಿಯಾದ ಮಾದರಿಯ ಹೆಸರು ನೋಡಿ ಇಳಿಸಿಕೊಳ್ಳಿ. ಆಸಿಯೋ4ಆಲ್ ಎಂಬ ಎಲ್ಲರಿಗೂ ಹೊಂದುವ ಡ್ರೈವರ್ ಸ್ವಂತ ಡ್ರೈವರ್ ಇಲ್ಲದ ಸಾಧನಗಳಿಗೆ ಒಳ್ಳೆಯ ಆಸರೆ. ಸ್ವಂತದ್ದು ಇರುವಾಗ ಅದನ್ನು ಹಾಕಿಕೊಳ್ಳಲು ಕಾರಣವಿಲ್ಲ. ಇಂಟರ್‌ಫೇಸನ್ನು ವಿಂಡೋಸಿನ ಡೀಫಾಲ್ಟ್ ಸ್ಪೀಕರ್ ಪಟ್ಟದಿಂದ ಇಳಿಸಿ, ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲೂ ಪ್ರಾಜೆಕ್ಟಿನಲ್ಲೂ ಒಂದೇ 48,000 ಇರಲಿ. ಒಂದು ಕಡೆ 44,100 ಇದ್ದರೆ ಡ್ರೈವರ್ ತೆರೆಯಲು ತಕರಾರು ಮಾಡುವುದುಂಟು. ಆಸಿಯೋ ಆದ ಮೇಲೆ ರೀಪರಿನ ಮೇಲ್ಭಾಗದ ಬಲಮೂಲೆಯಲ್ಲಿ ಓರೆಗೆರೆಯ ಆಚೆ ಈಚೆ ಎರಡು ಮಿಲಿಸೆಕೆಂಡ್ ಅಂಕಿಗಳು ಕಾಣುತ್ತವೆ. ಎರಡನ್ನೂ ಕೂಡಿದರೆ ಹೋಗಿ ಬರುವ ತಡ.

ಅಂಕಿ ಎಂಟು ಎಂದು ತೋರಿಸುತ್ತಿದ್ದರೂ ಕಿವಿಗೆ ಎಂಬತ್ತರಂತೆ ಕೇಳುತ್ತಿದ್ದರೆ ಪ್ಲಗಿನ್‌ಗಳ ಕಡೆ ನೋಡಿ. ಮಲೆನಾಡಿನ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ತಪ್ಪು. ಹಂಚಿನ ಮಾಡಿನ ಮೇಲೆ, ಅದಕ್ಕಿಂತ ಜೋರಾಗಿ ತಗಡಿನ ಮೇಲೆ, ಮಳೆ ಹೊಡೆಯುತ್ತಿರುತ್ತದೆ. ಆ ಸದ್ದು ಕಳೆಯಲೆಂದು ರೆಕಾರ್ಡ್ ಮಾಡುವ ಟ್ರ್ಯಾಕಿಗೇ ನಾಯ್ಸ್ ರಿಡಕ್ಷನ್ ಪ್ಲಗಿನ್ ಹಾಕಿಡುತ್ತಾರೆ. ಅಂಥ ಪ್ಲಗಿನ್ ಸದ್ದಿನ ಒಂದು ತುಂಡು ಪೂರ್ತಿ ಕೈಗೆ ಸಿಗುವವರೆಗೆ ಏನೂ ಮಾಡಲಾರದು. ತುಂಡು 4096 ಸ್ಯಾಂಪಲ್ ಇದ್ದರೆ ಅಲ್ಲಿಗೇ 85 ಮಿಲಿಸೆಕೆಂಡ್ ಆಯಿತು. ಲೀನಿಯರ್ ಫೇಸ್ ಈಕ್ವಲೈಜರ್, ಮುಂದೆ ಬರುವ ಏರುದನಿಯನ್ನು ಮೊದಲೇ ಇಣುಕಿ ನೋಡುವ ಲಿಮಿಟರ್, ಇವಕ್ಕೂ ಇದೇ ಗುಣ. ಕೆಟ್ಟದ್ದೆಂದರೆ ಇವುಗಳಲ್ಲಿ ಒಂದು, ಎಲ್ಲವೂ ಬಂದು ಸೇರುವ ಮಾಸ್ಟರ್ ಟ್ರ್ಯಾಕಿನಲ್ಲಿ ಕೂತಿದ್ದರೆ ಎಲ್ಲ ಟ್ರ್ಯಾಕೂ ತಡವಾಗುತ್ತದೆ, ಕಾರಣ ಮಾತ್ರ ಗಿಟಾರ್ ಟ್ರ್ಯಾಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪ್ಲಗಿನ್ ಕಿಟಕಿಯ ಕೆಳಗಡೆ ಎಷ್ಟು ಸ್ಯಾಂಪಲ್ ತಡ ಎಂಬ ಅಂಕಿ ಇರುತ್ತದೆ. ಸೊನ್ನೆ ಅಲ್ಲದ್ದನ್ನೆಲ್ಲ ರೆಕಾರ್ಡಿಂಗ್ ಮುಗಿಯುವವರೆಗೆ ತೆಗೆದಿಡಿ. ಮಳೆಯ ಸದ್ದಿಗೆ ಮೈಕನ್ನು ಪಿಟೀಲಿಗೆ 30–40 ಸೆಂಟಿಮೀಟರ್ ಹತ್ತಿರ ತಂದು, ಮಾಡಿನ ಕಡೆ ಮೈಕಿನ ಬೆನ್ನು ಬರುವಂತೆ ತಿರುಗಿಸಿ, ಉಳಿದದ್ದನ್ನು ಆಮೇಲೆ ಕಳೆಯಬಹುದು. ಆಷಾಢದ ಜಡಿಮಳೆಗೆ ಯಾವ ಪ್ಲಗಿನ್ನೂ ಉಪಯೋಗವಿಲ್ಲ, ಹೊಳವಾಗುವವರೆಗೆ ಕಾಯುವುದೇ ಮೇಲು.

ಹಳೆಯ ಪ್ರಾಜೆಕ್ಟಿಗೆ ಹೊಸ ವಾದ್ಯ ಸೇರಿಸುವಾಗ ಪ್ಲಗಿನ್‌ಗಳ ರಾಶಿ ಬಿದ್ದಿದ್ದರೆ, ಇರುವುದೆಲ್ಲವನ್ನೂ ಒಂದು ಸ್ಟೀರಿಯೊ ಫೈಲಾಗಿ ರೆಂಡರ್ ಮಾಡಿ. ಖಾಲಿ ಪ್ರಾಜೆಕ್ಟಿನಲ್ಲಿ ಆ ಫೈಲನ್ನು ಸೊನ್ನೆಯಿಂದ ಇಟ್ಟು 128ರಲ್ಲಿ ನುಡಿಸಿ, ಬಂದ ಟ್ರ್ಯಾಕನ್ನು ಹಳೆಯದಕ್ಕೆ ಒಯ್ಯಿರಿ. ಮಿಕ್ಸಿಂಗ್ ಮಾಡುವಾಗ ಬಫರ್ 1024 ಇದ್ದರೂ ನಷ್ಟವಿಲ್ಲ.

ಇನ್ನು ಚಟಪಟ ಸದ್ದು. ಮೊದಲು ಅದು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಿ. ರೆಕಾರ್ಡ್ ಆದದ್ದನ್ನು ಎರಡು ಸಲ ಕೇಳಿ. ಅದೇ ಜಾಗದಲ್ಲಿ ಚಟ್ ಎಂದರೆ ಫೈಲಿನೊಳಗೇ ಸೇರಿದೆ, ಬೇರೆ ಬೇರೆ ಜಾಗದಲ್ಲಿ ಎಂದರೆ ಪ್ಲೇಬ್ಯಾಕಿನಲ್ಲಿ ಪ್ರೊಸೆಸರ್ ಸೋಲುತ್ತಿದೆ. ಫೈಲಿನೊಳಗಿನದು ಬಫರ್ 512 ಮಾಡಿ ಹೊಸದಾಗಿ ರೆಕಾರ್ಡ್ ಮಾಡಿದರೂ ಬಂದರೆ ಕಂಪ್ಯೂಟರನ್ನು ಬಿಟ್ಟು ಕೇಬಲ್ ಹಿಡಿಯಿರಿ. ಜೂನ್ ಕಳೆದ ಮೇಲೆ ನಮ್ಮ ಕಡೆ ಗೋಡೆ, ಪುಸ್ತಕ, ಚರ್ಮದ ಚಪ್ಪಲಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ, ಜ್ಯಾಕಿನ ಲೋಹವೂ ಮಂಕಾಗುತ್ತದೆ. ಪ್ಲಗ್ಗನ್ನು ಹತ್ತು ಸಲ ಹಾಕಿ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಇಂಟರ್‌ಫೇಸ್, ಮೈಕ್, ಕೇಬಲ್ಲುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೆಚ್ಚಗಿರಲಿ ಎಂದು ಹೊಗೆಅಟ್ಟಕ್ಕೆ ಮಾತ್ರ ಏರಿಸಬೇಡಿ, ಅಲ್ಲಿನ ಜಿಡ್ಡು ಥಂಡಿಗಿಂತ ಕೆಟ್ಟದ್ದು. ಯುಎಸ್‌ಬಿ ಕೇಬಲ್ ಹಬ್‌ಗೆ ಹೋಗದೆ ನೇರ ಲ್ಯಾಪ್‌ಟಾಪಿಗೇ ಸೇರಲಿ.

ಬಫರ್ ಏರಿಸಿದಾಗ ಹೋಗಿ, ಇಳಿಸಿದಾಗ ಬರುವ ಚಟಪಟವೇ ನಿಜವಾಗಿ ಕಂಪ್ಯೂಟರಿನದ್ದು. ಕರೆಂಟ್ ಹೋದಾಗ ಅದು ಹೆಚ್ಚುತ್ತದೆ ಎಂದು ನೀವೇ ಬರೆದಿದ್ದೀರಿ, ಸುಳಿವು ಅಲ್ಲೇ ಇದೆ. ಚಾರ್ಜರಿನ ವಿದ್ಯುತ್ ನಿಂತ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗ ತಗ್ಗಿಸುತ್ತದೆ. 64ರ ಬಫರಿನಲ್ಲಿ 1.3 ಮಿಲಿಸೆಕೆಂಡಿಗೊಮ್ಮೆ ಕೊಡ ತುಂಬಿ ಕೊಡಬೇಕು, ನಿದ್ದೆಯಿಂದೆದ್ದು ಬರುವ ಪ್ರೊಸೆಸರಿಗೆ ಅಷ್ಟು ಹೊತ್ತು ಸಾಲುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಪವರ್‌ನಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಹಾಕಿ. ಚಾರ್ಜರ್ ಇದ್ದಾಗ ಒಂದು, ಬ್ಯಾಟರಿಯಲ್ಲಿದ್ದಾಗ ಒಂದು ಎಂದು ಎರಡು ಆಯ್ಕೆ ಇದ್ದರೆ ಎರಡರಲ್ಲೂ ಹಾಕಿ, ಬಹುಪಾಲು ಜನ ಎರಡನೆಯದನ್ನು ಬಿಟ್ಟಿರುತ್ತಾರೆ. ಬ್ಯಾಟರಿ ಸೇವರ್ (ಈಚಿನ ವಿಂಡೋಸ್ 11ರಲ್ಲಿ ಎನರ್ಜಿ ಸೇವರ್) ಪೂರ್ತಿ ಆಫ್ ಇರಲಿ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್, ಅಡ್ವಾನ್ಸ್‌ಡ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕಾಣಿಸಿದರೆ ಡಿಸೇಬಲ್ ಮಾಡಿ, ಮಿನಿಮಮ್ ಪ್ರೊಸೆಸರ್ ಸ್ಟೇಟ್ ಕಾಣಿಸಿದರೆ 100 ಮಾಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಇವು ಅಡಗಿರಬಹುದು, ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ.

ಇಷ್ಟಾದರೂ 128ರಲ್ಲಿ ಚಟಪಟ ಉಳಿದಿದ್ದರೆ ಬೇರೆ ಯಾವುದೋ ಡ್ರೈವರ್ ಪ್ರೊಸೆಸರನ್ನು ಆಗಾಗ ಹಿಡಿದಿಟ್ಟುಕೊಳ್ಳುತ್ತಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಇದು ಕಾಣುವುದಿಲ್ಲ. ಸರಾಸರಿ ಕೆಲಸ ಬರೀ ಹತ್ತು ಪರ್ಸೆಂಟ್ ಇದ್ದರೂ ಎರಡು ಮಿಲಿಸೆಕೆಂಡಿನ ಒಂದೇ ತಡೆ ಸಾಕು ಸದ್ದು ಹರಿಯಲು. ಲೇಟೆನ್ಸಿಮಾನ್ ಎಂಬ ತಪಾಸಣಾ ಸಾಫ್ಟ್‌ವೇರನ್ನು ಹತ್ತು ನಿಮಿಷ ಓಡಿಸಿ, ಡ್ರೈವರ್ಸ್ ಪುಟದಲ್ಲಿ ಅತಿ ಹೆಚ್ಚು ಹೊತ್ತು ತಗೊಂಡದ್ದು ಮೇಲೆ ಬರುವಂತೆ ಜೋಡಿಸಿ. ಮೇಲಿರುವ ಹೆಸರು ನೆಟ್‌ವರ್ಕಿಗೆ ಸೇರಿದ್ದಾದರೆ ರೆಕಾರ್ಡಿಂಗ್ ಹೊತ್ತಿಗೆ ವೈಫೈ ಮತ್ತು ಬ್ಲೂಟೂತ್ ಅಡಾಪ್ಟರನ್ನು ಡಿವೈಸ್ ಮ್ಯಾನೇಜರಿನಲ್ಲೇ ಡಿಸೇಬಲ್ ಮಾಡಿ. ಗ್ರಾಫಿಕ್ಸ್ ಕಾರ್ಡಿನದ್ದಾದರೆ ಅದರ ಡ್ರೈವರ್ ಹೊಸದು ಮಾಡಿ. ವಿದ್ಯುತ್ ನಿರ್ವಹಣೆಗೆ ಸೇರಿದ ಎಸಿಪಿಐ ಹೆಸರು ಬಂದರೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯ ಮಟ್ಟವನ್ನು ಪದೇ ಪದೇ ಓದುವುದೇ ಕಾರಣವಾಗಿರುತ್ತದೆ. ಡಿವೈಸ್ ಮ್ಯಾನೇಜರಿನ ಬ್ಯಾಟರೀಸ್ ಕೆಳಗೆ ಎಸಿಪಿಐ ಬ್ಯಾಟರಿಯನ್ನು ಡಿಸೇಬಲ್ ಮಾಡಿ ಎಂಬ ಸಲಹೆ ಇದಕ್ಕೇ ಕೊಡುವುದು. ಕೆಲಸವೇನೋ ಮಾಡುತ್ತದೆ. ಆದರೆ ಆಮೇಲೆ ಬ್ಯಾಟರಿ ಎಷ್ಟಿದೆ ಎಂದು ವಿಂಡೋಸಿಗೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಮುನ್ಸೂಚನೆಯಿಲ್ಲದೆ ಲ್ಯಾಪ್‌ಟಾಪ್ ಆರಿ ಅರ್ಧ ರಾಗ ಹೋಗುತ್ತದೆ. ಮಾಡಿದರೆ ಚಾರ್ಜ್ ತುಂಬಿದ ಮೇಲೆ ಮಾಡಿ, ಎದ್ದೇಳುವ ಮೊದಲು ಮತ್ತೆ ಎನೇಬಲ್ ಮಾಡಿ.

ಕರೆಂಟ್ ಹೋದಾಗ ಕೇಳುವುದು ಚಟಪಟವಲ್ಲ, ಗುಯ್ ಎನ್ನುವ ನಿರಂತರ ಸದ್ದು ಎಂದಾದರೆ ಅದು ಇನ್ವರ್ಟರಿನದ್ದು. ಸ್ಕ್ವೇರ್ ವೇವ್ ಇನ್ವರ್ಟರಿನಿಂದ ಚಾರ್ಜರ್ ಓಡುವಾಗ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಗಿಟಾರ್ ಹೋಗುವ ಇನ್‌ಪುಟ್ಟಿನಲ್ಲಿ ಇನ್ಸ್ಟ್ರುಮೆಂಟ್ ಎಂಬ ಸ್ವಿಚ್ ಒತ್ತಿರಬೇಕು, ಇಲ್ಲದಿದ್ದರೆ ನಾದ ಸಣ್ಣದಾಗಿ, ಮಂಕಾಗಿ ಬಂದು, ಏರಿಸಲು ಹೋದಷ್ಟೂ ಗುಯ್ ಎನ್ನುವುದೇ ಏರುತ್ತದೆ.

ಮೂರನೆಯದು, ಟ್ರ್ಯಾಕ್ ಕ್ಲಿಕ್ಕಿನಿಂದ ಹಿಂದೆ ಬೀಳುವುದು. ಬಫರ್ ದೊಡ್ಡದಿದ್ದರೂ ಇದು ಆಗಬೇಕಾಗಿಲ್ಲ. ಡ್ರೈವರ್ ತನ್ನ ತಡ ಇಷ್ಟು ಎಂದು ರೀಪರಿಗೆ ಹೇಳುತ್ತದೆ, ರೀಪರ್ ಅಷ್ಟು ಎಡಕ್ಕೆ, ಅಂದರೆ ಮುಂಚಿನ ಹೊತ್ತಿಗೆ, ಎಳೆದು ಟ್ರ್ಯಾಕ್ ಕೂರಿಸುತ್ತದೆ. ಡ್ರೈವರ್ ತಪ್ಪು ಹೇಳಿದರೆ ಟ್ರ್ಯಾಕ್ ತಪ್ಪು ಜಾಗದಲ್ಲಿ ಕೂರುತ್ತದೆ. ಪ್ರಿಫರೆನ್ಸಸ್, ಆಡಿಯೊ, ರೆಕಾರ್ಡಿಂಗ್ ಪುಟದಲ್ಲಿ ಡ್ರೈವರ್ ತಿಳಿಸಿದ ತಡವನ್ನು ಬಳಸು ಎಂಬ ಸಾಲಿಗೆ ಗುರುತು ಇದೆಯೇ ನೋಡಿ, ಆಮೇಲೆ ಒಂದು ಪರೀಕ್ಷೆ ಮಾಡಿ.

ಕಾಲಿಂಚು ಜ್ಯಾಕಿನ ಕೇಬಲ್ ಒಂದನ್ನು ಇಂಟರ್‌ಫೇಸಿನ ಒಂದನೇ ಔಟ್‌ಪುಟ್ಟಿನಿಂದ ಎರಡನೇ ಇನ್‌ಪುಟ್ಟಿಗೆ ಚುಚ್ಚಿ. ಇನ್‌ಪುಟ್ ಲೈನ್ ಮಟ್ಟಕ್ಕೆ ಇರಲಿ, ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಆಫ್, ಡೈರೆಕ್ಟ್ ಮಾನಿಟರ್ ಆಫ್, ರೀಪರಿನ ಮಾನಿಟರಿಂಗ್ ಆಫ್. ಇವುಗಳಲ್ಲಿ ಯಾವುದಾದರೂ ಮಾನಿಟರ್ ಆನ್ ಉಳಿದರೆ ಸದ್ದು ಸುತ್ತಿ ಸುತ್ತಿ ಕಿರುಚುತ್ತದೆ, ಹೆಡ್‌ಫೋನ್ ಕಿವಿಯಲ್ಲಿಟ್ಟು ಈ ಪರೀಕ್ಷೆ ಮಾಡಬೇಡಿ. ಒಂದು ಟ್ರ್ಯಾಕಿನಲ್ಲಿ ಕ್ಲಿಕ್ಕಿನ ಫೈಲ್ ಇಟ್ಟು, ಇನ್ನೊಂದರಲ್ಲಿ ಎರಡನೇ ಇನ್‌ಪುಟ್ಟನ್ನು ರೆಕಾರ್ಡ್ ಮಾಡಿ. ಆಮೇಲೆ ಎರಡೂ ಕ್ಲಿಕ್ಕುಗಳ ಆರಂಭ ಕಾಣುವಷ್ಟು ಹಿಗ್ಗಿಸಿ, ಮೊದಲನೆಯದರಿಂದ ಎರಡನೆಯದಕ್ಕೆ ಎಳೆದು ಅಂತರವನ್ನು ಸ್ಯಾಂಪಲ್ಲಿನಲ್ಲಿ ಓದಿ. ಹತ್ತಿಪ್ಪತ್ತು ಬಂದರೆ ಬಿಟ್ಟುಬಿಡಿ, 48 ಸ್ಯಾಂಪಲ್ ಸೇರಿದರೆ ಒಂದು ಮಿಲಿಸೆಕೆಂಡ್ ಅಷ್ಟೇ. ನೂರಾರು ಬಂದರೆ ಆ ಅಂಕಿಯನ್ನು ಅದೇ ರೆಕಾರ್ಡಿಂಗ್ ಪುಟದ ಔಟ್‌ಪುಟ್ ಮ್ಯಾನ್ಯುಯಲ್ ಆಫ್‌ಸೆಟ್‌ನಲ್ಲಿ ಬರೆದು ಪರೀಕ್ಷೆಯನ್ನು ಮತ್ತೆ ಮಾಡಿ. ಅಂತರ ದುಪ್ಪಟ್ಟಾದರೆ ಅಂಕಿಯ ಎಡಗಡೆ ಮೈನಸ್ ಹಾಕಿ. ಬಫರ್ ಅಥವಾ ಸ್ಯಾಂಪಲ್ ರೇಟ್ ಬದಲಿಸಿದಾಗ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಆಡಾಸಿಟಿ ಎಂಬ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೂ ಪರೀಕ್ಷೆ ಇದೇ. ಅದರಲ್ಲಿ ಲೇಟೆನ್ಸಿ ಕಾಂಪೆನ್ಸೇಷನ್ ಎಂಬಲ್ಲಿ ಮೊದಲೇ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ, ಅದೊಂದು ಅಂದಾಜು, ನಿಮ್ಮ ಯಂತ್ರಕ್ಕೆ ಹೊಂದಿಸಬೇಕು.

ಈ ಪರೀಕ್ಷೆ ಸರಿ ಬಂದ ಮೇಲೂ ಪಿಟೀಲು ಹಿಂದೆ ಬೀಳುತ್ತಿದ್ದರೆ ಎರಡು ಅನುಮಾನ ಉಳಿಯುತ್ತವೆ. ಒಂದು, ಬ್ಲೂಟೂತ್ ಹೆಡ್‌ಫೋನ್. ಕ್ಲಿಕ್ಕೇ ನಿಮ್ಮ ಕಿವಿಗೆ ನೂರು ಇನ್ನೂರು ಮಿಲಿಸೆಕೆಂಡ್ ತಡವಾಗಿ ಬಂದರೆ ನೀವು ಅದಕ್ಕೆ ಸರಿಯಾಗಿ ನುಡಿಸಿಯೂ ತಡವಾಗುತ್ತೀರಿ. ತಂತಿಯ ಹೆಡ್‌ಫೋನನ್ನು ಇಂಟರ್‌ಫೇಸಿಗೇ ಹಾಕಿ. ಇನ್ನೊಂದು, ಯೂಟ್ಯೂಬಿನಲ್ಲಿ ಮೃದಂಗದ ಟ್ರ್ಯಾಕ್ ಹಚ್ಚಿಕೊಂಡು ರೀಪರಿನಲ್ಲಿ ನುಡಿಸುವುದು. ಬ್ರೌಸರಿನ ಸದ್ದಿಗೂ ರೀಪರಿನ ಕಾಲಗೆರೆಗೂ ಸಂಬಂಧವೇ ಇಲ್ಲ, ಆ ಫೈಲ್ ಪ್ರಾಜೆಕ್ಟಿನೊಳಗೇ ಒಂದು ಟ್ರ್ಯಾಕಾಗಿ ಇರಬೇಕು. ತಂಬೂರಿಯ ಶ್ರುತಿಗೆ ಮಾತ್ರ ಈ ಯಾವ ಚಿಂತೆಯೂ ಬೇಡ. ಅದು ಮೊಬೈಲಿನಿಂದ ಬರಲಿ, ಶ್ರುತಿಪೆಟ್ಟಿಗೆಯಿಂದ ಬರಲಿ, ನೂರು ಮಿಲಿಸೆಕೆಂಡ್ ತಡವಾದರೂ ಷಡ್ಜ ಷಡ್ಜವೇ. ತಾಳವಿಲ್ಲದ ಆಲಾಪನೆಯನ್ನು ಡೈರೆಕ್ಟ್ ಮಾನಿಟರಿನಲ್ಲಿ ನುಡಿಸುವಾಗ ಬಫರ್ 1024ರಲ್ಲೇ ಬಿಟ್ಟಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಚಟಪಟದ ಭಯವೂ ಇರುವುದಿಲ್ಲ.